ದೋಣಿ ಸಣ್ಣದಾದರೆ ಪಾಪ ಅನ್ನಬೇಕಾ?

ಹೋದ ಅಕ್ಟೋಬರಿನಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರು ತಮ್ಮ 10 ಮೀಟರಿನ ಮೋಟಾರ್ ದೋಣಿ ಮಾರಿ, 5 ಮೀಟರಿನ ಹಳೇ ದೋಣಿಯೊಂದನ್ನು ತಂದರು. ನಾನಿರುವುದು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ. ಇಲ್ಲಿ ದೋಣಿ ಅಂದರೆ ನಮ್ಮ ಕಡೆ ಬೈಕ್ ಇದ್ದ ಹಾಗೆ, ಅಷ್ಟು ಸಾಮಾನ್ಯ. ಹೊಸ ದೋಣಿ ತೋರಿಸಲು ನನ್ನನ್ನು ಜೆಟ್ಟಿಗೆ ಕರೆದುಕೊಂಡು ಹೋದರು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು. ಹೊಸ ಕರು ಕಟ್ಟಿದವರ ಹಾಗೆ ಅದರ ಬೆನ್ನು ಸವರುತ್ತಾ ನಿಂತಿದ್ದರು.

ಆ ಸಂಜೆ ಊರಿಗೆ ಫೋನ್ ಮಾಡಿದಾಗ ಭಾವನಿಗೆ ಇದನ್ನು ಹೇಳಿದೆ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಪಾಪ, ಎಂತ ಆಯ್ತು ಮಾರಾಯ ಅವರಿಗೆ? ಮಕ್ಕಳು ನೋಡ್ಕೊಳಲ್ವಾ?" ಅಂದರು.

ಆ "ಪಾಪ" ನನಗೆ ಚುಚ್ಚಿತು. ಇವತ್ತಿಗೂ ಚುಚ್ಚುತ್ತಿದೆ.

ಯಾಕೆ ಅಂದರೆ ಅದೇ ಹೊತ್ತಿಗೆ ಭಾವ ತಾವೇ ಒಂದು ದೋಣಿ ಕೊಳ್ಳುವ ಯೋಚನೆಯಲ್ಲಿದ್ದರು. ಅವರ ಮನೆ ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. 2025ರ ಜುಲೈಯಲ್ಲಿ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಶುರುವಾದ ಮೇಲೆ ಸಾಗರ ಪೇಟೆಗೆ ಹೋಗಿಬರಲು ಜನರನ್ನೂ ವಾಹನಗಳನ್ನೂ ದಾಟಿಸುವ ಲಾಂಚ್ ಕಾಯಬೇಕಾಗಿಲ್ಲ. ಒಳ್ಳೆಯದೇ ಆಯಿತು. ರಾತ್ರಿ ಹೆರಿಗೆ ನೋವು ಬಂದರೆ ದಡದಲ್ಲಿ ಕೂತು ಬೆಳಕಾಗುವುದನ್ನು ಕಾಯುತ್ತಿದ್ದ ಊರುಗಳು ಅವು. ಆದರೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನೀರಿನ ಮೇಲೇ ಓಡಾಡಿದ ಜನಕ್ಕೆ ಈಗ ನೀರಿನ ಮೇಲೆ ಹೋಗುವ ಕಾರಣವೇ ಇಲ್ಲವಾಗಿದೆ. "ಸುಮ್ನೆ ಆದ್ರೂ ಒಂದು ಸುತ್ತು ಹೋಗ್ಬೇಕು ಅನ್ಸತ್ತೆ" ಅನ್ನುತ್ತಾರೆ ಭಾವ. ಆ ಆಸೆ ನನಗೆ ಪೂರ್ತಿ ಅರ್ಥವಾಗುತ್ತದೆ. ನನ್ನ ತಕರಾರು ಇದ್ದದ್ದು ಅವರು ನೋಡಿಟ್ಟಿದ್ದ ದೋಣಿಯ ಅಳತೆಯ ಬಗ್ಗೆ: 10 ಮೀಟರ್ ಉದ್ದ, ಹಿಂದೆ 115 ಅಶ್ವಶಕ್ತಿಯ ಎರಡು ಪೆಟ್ರೋಲ್ ಎಂಜಿನ್.

ಇಲ್ಲಿಯ ಹಿರಿಯರು ಯಾವುದನ್ನು ಬಿಟ್ಟು ಹಗುರಾದರೋ ಅಷ್ಟೇ ದೊಡ್ಡದನ್ನು ಭಾವ ಅಲ್ಲಿ ತಲೆ ಮೇಲೆ ಹೊತ್ತುಕೊಳ್ಳಲು ಹೊರಟಿದ್ದರು.

ನನಗೆ ಅನ್ನಿಸುವುದು ಇಷ್ಟು. ಮೋಜಿನ ದೋಣಿ ಎಷ್ಟು ದೊಡ್ಡದಿರಬೇಕು ಅನ್ನುವುದನ್ನು ಕೊಳ್ಳುವ ದಿನ ಕೈಯಲ್ಲಿರುವ ದುಡ್ಡು ನೋಡಿ ತೀರ್ಮಾನ ಮಾಡಬಾರದು. ಅದನ್ನು ವರ್ಷ ವರ್ಷ ಸಾಕುವ ಖರ್ಚು ನೋಡಿ ಮಾಡಬೇಕು. ಆ ಖರ್ಚು ಏರುತ್ತಲೇ ಹೋಗುವಾಗಂತೂ ಸಣ್ಣದಕ್ಕೆ ಇಳಿಯುವುದು ಬುದ್ಧಿವಂತಿಕೆ. ಅದರಲ್ಲಿ ಪಾಪ ಅನ್ನುವಂಥದ್ದು ಏನೂ ಇಲ್ಲ.

ಪಕ್ಕದ ಮನೆಯವರ ಕಥೆಯನ್ನೇ ನೋಡಿ. 2022ರಲ್ಲಿ ಇಲ್ಲಿ ಡೀಸೆಲ್ ಲೀಟರಿಗೆ 25 ಕ್ರೋನ ದಾಟಿತು. ಆ ಬೇಸಿಗೆ ಅವರು ದೋಣಿಯನ್ನು ಹೆಚ್ಚಾಗಿ ಕಟ್ಟಿಯೇ ಇಟ್ಟಿದ್ದರು. ಆಮೇಲೆ ಡೀಸೆಲ್ ಇಳಿಯಿತು, ಉಳಿದದ್ದು ಇಳಿಯಲಿಲ್ಲ. ಜೆಟ್ಟಿಯ ಜಾಗದ ಬಾಡಿಗೆ, ವಿಮೆ, ಚಳಿಗಾಲಕ್ಕೆ ಕ್ರೇನಿನಲ್ಲಿ ಎತ್ತಿಸಿ ದಡದಲ್ಲಿ ಇಡಿಸುವ ಖರ್ಚು, ತಳಕ್ಕೆ ಬಳಿಯುವ ಬಣ್ಣ, ಎಲ್ಲವೂ ಒಂದೊಂದೇ ಮೆಟ್ಟಿಲು ಹತ್ತಿದವು. ಇಲ್ಲಿ ಅನೇಕ ಕಡೆ ಜೆಟ್ಟಿಯ ಬಾಡಿಗೆ ಲೆಕ್ಕ ಹಾಕುವುದು ದೋಣಿ ನಿಲ್ಲುವ ಜಾಗದ ಅಗಲದ ಮೇಲೆ. ದೋಣಿ ದೊಡ್ಡದಾದರೆ ಅಗಲವಾಗುತ್ತದೆ, ಅಗಲವಾದರೆ ಮುಂದಿನ ದರಕ್ಕೆ ಬೀಳುತ್ತದೆ, ಅದೂ ನೀವು ಒಂದು ದಿನವೂ ನೀರಿಗೆ ಇಳಿಯದಿದ್ದರೂ. ಏಪ್ರಿಲ್ ಕೊನೆಗೆ ನೀರಿಗೆ ಬಿಟ್ಟು ಅಕ್ಟೋಬರಿನಲ್ಲಿ ಎತ್ತುವ ಈ ದೇಶದಲ್ಲಿ ಅರ್ಧ ವರ್ಷ ದೋಣಿ ಮಲಗಿಯೇ ಇರುತ್ತದೆ. ಬಿಲ್ಲು ಮಾತ್ರ ಮಲಗುವುದಿಲ್ಲ.

ಇನ್ನು ಮೈಕೆಲಸ. ಉಪ್ಪುನೀರಿನಲ್ಲಿ ನಿಂತ ದೋಣಿಯ ತಳಕ್ಕೆ ಗಟ್ಟಿ ಬಿಳಿ ಚಿಪ್ಪುಗಳು ಅಂಟಿಕೊಂಡು ಬೆಳೆಯುತ್ತವೆ. ಅವನ್ನು ಬಿಟ್ಟರೆ ದೋಣಿ ನೀರಿನಲ್ಲಿ ಎಳೆಯುತ್ತದೆ, ಎಣ್ಣೆ ಜಾಸ್ತಿ ಕುಡಿಯುತ್ತದೆ. ಹಾಗಾಗಿ ಎತ್ತಿದ ಕೂಡಲೇ ಕೆರೆದು ತೆಗೆಯಬೇಕು. ನಾಲ್ಕು ವರ್ಷದಿಂದ ಅಕ್ಟೋಬರಿನಲ್ಲಿ ನಾನು ಅವರ ಜೊತೆ ಕೈಜೋಡಿಸುತ್ತಿದ್ದೇನೆ. ದೋಣಿಯ ಕೆಳಗೆ ತಗಡು ಹಾಸಿ ಅಂಗಾತ ಮಲಗಿ, ತೆಂಗಿನಕಾಯಿ ಕರಟ ಹೆರೆದ ಹಾಗೆ ಅಲಗಿನಿಂದ ಕೆರೆಯುತ್ತಾ ಹೋಗಬೇಕು. ಚಿಪ್ಪು ಒಡೆದು ಮುಖದ ಮೇಲೆ ಉದುರುತ್ತದೆ, ಹಳಸಿದ ಮೀನಿನ ವಾಸನೆ. ದೊಡ್ಡ ದೋಣಿಗೆ ನಾವಿಬ್ಬರೂ ಸೇರಿ ಎರಡು ದಿನ ಹಿಡಿಯುತ್ತಿತ್ತು. ಈ ಸಣ್ಣದು ಒಂದು ಬೆಳಗ್ಗೆಯಲ್ಲಿ ಮುಗಿಯಿತು, ಹನ್ನೊಂದು ಗಂಟೆಗೆ ಕೈ ತೊಳೆದು ತಿಂಡಿಗೆ ಕೂತೆವು. ಅವರಿಗೆ ಎಪ್ಪತ್ತು ದಾಟಿದೆ. ಈ ಒಂದು ಬೆಳಗ್ಗೆಗಾಗಿಯೇ ಮಾರಿದ್ದು ಸಾರ್ಥಕ ಅಂದರು.

ದೊಡ್ಡದಕ್ಕೆ ಖರ್ಚು ಅಷ್ಟೊಂದು ಏರುವುದು ಯಾಕೆ ಅಂತ ನನಗೂ ಮೊದಲು ಗೊತ್ತಿರಲಿಲ್ಲ. ಉದ್ದ ಎರಡು ಪಟ್ಟಾದರೆ ಖರ್ಚೂ ಎರಡು ಪಟ್ಟು ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಉದ್ದದ ಜೊತೆಗೆ ಅಗಲವೂ ಎತ್ತರವೂ ಬೆಳೆಯುತ್ತವೆ. ಮೂರೂ ಎರಡು ಪಟ್ಟಾದರೆ ಗಾತ್ರ ಎಂಟು ಪಟ್ಟು. ನಿಜವಾದ ದೋಣಿಗಳಲ್ಲಿ ಅಷ್ಟು ಆಗುವುದಿಲ್ಲ, ಆದರೂ ಅವರ ಹೊಸ ದೋಣಿ ಒಂದು ಟನ್ ಇಲ್ಲ, ಹಳೆಯದು ಐದು ಟನ್ನಿನ ಹತ್ತಿರ ಇತ್ತು. ವೇಗದ ಲೆಕ್ಕ ಇನ್ನೂ ವಿಚಿತ್ರ. ನೀರನ್ನು ಸೀಳಿಕೊಂಡು ಹೋಗುವ ದೋಣಿಗೆ ಅದರ ಉದ್ದವೇ ಒಂದು ಮಿತಿ ಹಾಕುತ್ತದೆ. 5 ಮೀಟರಿನದು ಗಂಟೆಗೆ ಸುಮಾರು 10 ಕಿ.ಮೀ. ಹೋದರೆ 10 ಮೀಟರಿನದು ಸುಮಾರು 14 ಕಿ.ಮೀ., ಅಷ್ಟೇ. ಅದಕ್ಕಿಂತ ಜೋರಾಗಿ ಹೋಗಬೇಕಾದರೆ ದೋಣಿಯನ್ನೇ ನೀರಿನಿಂದ ಮೇಲಕ್ಕೆತ್ತಿ ಜಾರಿಸುವಷ್ಟು ಶಕ್ತಿ ಬೇಕು. ಐದು ಟನ್ ಎತ್ತುವುದಕ್ಕೂ ಒಂದು ಟನ್ ಎತ್ತುವುದಕ್ಕೂ ಇರುವ ವ್ಯತ್ಯಾಸ ಪೂರ್ತಿ ಟ್ಯಾಂಕಿನಲ್ಲಿ ಕಾಣುತ್ತದೆ. ಅವರ ಈ 5 ಮೀಟರಿನ ದೋಣಿಯ ಪುಟ್ಟ ಡೀಸೆಲ್ ಎಂಜಿನ್ ಟುಕ್ ಟುಕ್ ಅನ್ನುತ್ತಾ ಗಂಟೆಗೆ ಒಂದೂವರೆ ಲೀಟರ್ ಕುಡಿಯುತ್ತದೆ.

ಭಾವ ನೋಡಿಟ್ಟ ದೋಣಿಯ ಎರಡು ಎಂಜಿನ್ ಹದವಾಗಿ ಓಡಿದರೂ ಗಂಟೆಗೆ 40 ಲೀಟರಿಗೆ ಕಡಿಮೆ ಇರುವುದಿಲ್ಲ. ನಮ್ಮಲ್ಲಿ ಪೆಟ್ರೋಲ್ 100 ರೂಪಾಯಿ ದಾಟಿ ವರ್ಷಗಳೇ ಆದವು. ಒಂದು ಗಂಟೆ ಸುತ್ತಾಡಿದರೆ ನಾಲ್ಕು ಸಾವಿರ ರೂಪಾಯಿ ಹೊಗೆ.

ನನಗೆ ತಾಳ್ಮೆ ತಪ್ಪುವುದು ಇಲ್ಲೇ. ನನ್ನ ಭಾವ ಲೆಕ್ಕ ಗೊತ್ತಿಲ್ಲದವರಲ್ಲ. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗದ ಔಷಧಿ ಎರಡು ಸಲ ಹೊಡೆಸಬೇಕಾ, ಮಳೆ ಹಿಡಿದುಕೊಂಡರೆ ಮೂರನೆಯದೂ ಬೇಕಾ, ಮೈಲುತುತ್ತ ಎಷ್ಟು, ಸುಣ್ಣ ಎಷ್ಟು, ಮರ ಹತ್ತುವವನ ಸಂಬಳ ಎಷ್ಟು, ಎಲ್ಲವನ್ನೂ ಮೇ ತಿಂಗಳಲ್ಲೇ ಪುಸ್ತಕದಲ್ಲಿ ಬರೆದಿಡುವವರು. ಪಕ್ಕದ ತೋಟ ಮಾರಾಟಕ್ಕೆ ಬಂದಾಗ ಕೊಳ್ಳಲು ದುಡ್ಡಿದ್ದರೂ "ನೋಡ್ಕೊಳೋದು ಯಾರು?" ಅಂತ ಬಿಟ್ಟವರು. ತೋಟಕ್ಕೆ ಇರುವ ಈ ಬುದ್ಧಿ ದೋಣಿಗೆ, ಕಾರಿಗೆ, ಮನೆಗೆ ಯಾಕೆ ಬರುವುದಿಲ್ಲ? ಅಲ್ಲಿ ನಾಲ್ಕು ಜನ ನೋಡುತ್ತಾರೆ. ಸಾಗರದ ರಸ್ತೆಗಳಲ್ಲಿ ಈಗ ಒಬ್ಬನೇ ಕೂತು ಓಡಿಸುವ ಏಳು ಸೀಟಿನ ಕಾರು ಎಷ್ಟಿವೆ! ನಮ್ಮಲ್ಲಿ ದೊಡ್ಡದಕ್ಕೆ ಹತ್ತಿದರೆ ಸಾಲ ಮಾಡಿದರೂ ಸಂತೋಷ, ಕಾಯಿ ಒಡೆಯುತ್ತೇವೆ. ಸಣ್ಣದಕ್ಕೆ ಇಳಿದರೆ ಮನೆಗೆ ಬಂದು ಕಷ್ಟ ವಿಚಾರಿಸುತ್ತಾರೆ. ಇಲ್ಲಿ ದೋಣಿ ಕ್ಲಬ್ಬಿನ ಸದಸ್ಯರು ಖರ್ಚು ಉಳಿಸಲು ಸರದಿಯ ಮೇಲೆ ರಾತ್ರಿ ಕಾವಲು ಕಾಯುತ್ತಾರೆ. ಡಾಕ್ಟರೂ ಕಾಯುತ್ತಾರೆ, ಬಸ್ ಓಡಿಸುವವರೂ ಕಾಯುತ್ತಾರೆ. ಯಾರ ಮರ್ಯಾದೆಯೂ ಕಡಿಮೆಯಾಗಿದ್ದನ್ನು ನಾನು ಕಂಡಿಲ್ಲ.

ಹಿನ್ನೀರಿನ ಸ್ವಭಾವವನ್ನೂ ನೋಡಬೇಕು. ಈ ಹಿನ್ನೀರು ಲಿಂಗನಮಕ್ಕಿ ಅಣೆಕಟ್ಟೆಯದು, ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಬೇಸಿಗೆಯಲ್ಲಿ ನೀರು ಹಿಂದೆ ಸರಿಯುತ್ತಾ ಸರಿಯುತ್ತಾ ದಡವೇ ದೂರ ಹೋಗುತ್ತದೆ, ನಡುವೆ ಬರೀ ಕೆಸರು. ಮುಳುಗಿದ ಕಾಡಿನ ಒಣ ಬುಡಗಳು ಮೇಲೇಳುತ್ತವೆ, ಈ ನೀರಿನಲ್ಲೇ ಮುಳುಗಿದ 1948ರ ಹಳೇ ಹಿರೇಭಾಸ್ಕರ ಅಣೆಕಟ್ಟೆಯೇ ಮೇಲೆ ಕಾಣಿಸಿಕೊಳ್ಳುತ್ತದೆ. ಹಸಿರುಮಕ್ಕಿಯ ಲಾಂಚನ್ನು ನೀರಿಲ್ಲ ಅಂತ ನಿಲ್ಲಿಸಿದ್ದು ಒಂದು ಬೇಸಿಗೆ ಅಲ್ಲ. ಅಂಥ ಜಾಗದಲ್ಲಿ 10 ಮೀಟರಿನ ದೋಣಿಯನ್ನು ದಡದ ಹಿಂದೆ ಎಳೆದುಕೊಂಡು ಹೋಗುವವರು ಯಾರು? ಜೋರಾಗಿ ಹೋಗುವಾಗ ಒಂದು ಬುಡಕ್ಕೆ ಪ್ರೊಪೆಲ್ಲರ್ ತಾಗಿದರೆ ಆ ವರ್ಷದ ದೋಣಿ ಯೋಗ ಅಲ್ಲಿಗೇ ಮುಗಿಯಿತು. ನಮ್ಮ ಅಜ್ಜನ ದೋಣಿಯನ್ನು ನಾಲ್ಕು ಜನ ಎತ್ತಿ ಮರದ ನೆರಳಿಗೆ ಮಗುಚಿ ಹಾಕುತ್ತಿದ್ದರು. ಅಜ್ಜ ಅದಕ್ಕೆ ಗೇರೆಣ್ಣೆ ಬಳಿದು ಮಳೆಗಾಲದವರೆಗೆ ಮರೆತುಬಿಡುತ್ತಿದ್ದರು. ಇಲ್ಲಿ ಜನ ಸಣ್ಣ ದೋಣಿಗೆ ಇಳಿಯುವುದನ್ನು ನೋಡಿದಾಗ ನನಗೆ ಪರದೇಶದ ಹೊಸ ಪಾಠ ಕಲಿತ ಹಾಗೆ ಅನ್ನಿಸುವುದಿಲ್ಲ. ಅಜ್ಜನೇ ನೆನಪಾಗುತ್ತಾರೆ.

ಇಷ್ಟನ್ನೂ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಭಾವನ ಮುಂದೆ ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ. ಭಾವ ಎಲೆ ಅಡಿಕೆ ಹಾಕಿಕೊಂಡು ಎಲ್ಲ ಕೇಳಿದರು. ಮಾರನೇ ದಿನ ಪರಿಚಯದವರ ದೋಣಿಯಲ್ಲಿ ನಮ್ಮನ್ನೆಲ್ಲ ಕರೆದುಕೊಂಡು ಹೊರಟರು. ಹನ್ನೊಂದು ಜನ ಇದ್ದೆವು. ದೋಣಿ ದೊಡ್ಡದೇ, ಒಳ್ಳೇ ಅಗಲ. ಭಾವನ ಅಮ್ಮನಿಗೆ 74 ವರ್ಷ. ಹುಟ್ಟಿದ ಮನೆ ಇರುವುದು ನೀರಿನ ಅಡಿಯಲ್ಲಿ. 1964ರಲ್ಲಿ ಅಣೆಕಟ್ಟೆ ಮುಗಿದಾಗ ಅವರಿಗೆ ಹದಿಮೂರು. ಮಂಡಿ ನೋವು, ಸಣ್ಣ ದೋಣಿ ಅಲುಗಾಡಿದರೆ ಕಾಲಿಡುವುದಿಲ್ಲ. ಇದಕ್ಕೆ ಮಾತ್ರ ಮೊಮ್ಮಗನ ಹೆಗಲು ಹಿಡಿದು ಹತ್ತಿ ಮುಂದೆ ಕೂತರು. ಒಂದು ಜಾಗಕ್ಕೆ ಬಂದಾಗ ಎಂಜಿನ್ ನಿಲ್ಲಿಸಲು ಹೇಳಿದರು. "ಇಲ್ಲೇ ಎಲ್ಲೋ ನಮ್ಮ ಬಚ್ಚಲು ಮನೆ" ಅಂದರು. ತಂದಿದ್ದ ಸೇವಂತಿಗೆಯನ್ನು ನೀರಿಗೆ ಬಿಟ್ಟರು. ಮಕ್ಕಳು ಕೂಡ ಸುಮ್ಮನಾದವು.

ಒಪ್ಪಿಕೊಳ್ಳಬೇಕು, ಆ ದೋಣಿ 5 ಮೀಟರಿನದ್ದಾಗಿದ್ದರೆ ಅವರು ದಡದಲ್ಲೇ ಉಳಿಯುತ್ತಿದ್ದರು. ನಮ್ಮ ಪಕ್ಕದ ಮನೆಯವರ ದೋಣಿಯಲ್ಲಿ ಹೋಗುವುದು ಅವರು, ಅವರ ಹೆಂಡತಿ, ಕೆಲವೊಮ್ಮೆ ನಾನು. ಅವರ ಮಕ್ಕಳು ಬೇರೆ ಊರಿನಲ್ಲಿದ್ದಾರೆ, ವರ್ಷಕ್ಕೊಮ್ಮೆ ಬರುತ್ತಾರೆ. ಸಣ್ಣ ದೋಣಿ ಅವರಿಗೆ ಸಾಕಾಗುವುದಕ್ಕೆ ಅದೂ ಒಂದು ಕಾರಣ. ನಾನು ಇದನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಸೇತುವೆ ಆಗುವ ಮುಂಚೆ ಹೊಳೆಬಾಗಿಲಿನಲ್ಲಿ ಓಡುತ್ತಿದ್ದ ಲಾಂಚ್ ದೊಡ್ಡದಿತ್ತು, ಬಸ್ಸನ್ನೇ ಹೊತ್ತು ದಾಟಿಸುತ್ತಿತ್ತು, ಯಾರೂ ಅದನ್ನು ದುಂದು ಅನ್ನಲಿಲ್ಲ. ಪ್ರತಿ ಸಲ ತುಂಬಿಕೊಂಡೇ ಹೊರಡುತ್ತಿತ್ತು. ತುಂಬುವ ದೋಣಿಯ ಖರ್ಚನ್ನು ತಲೆಗೆ ಹಂಚಿ ನೋಡಬೇಕು. ಭಾವನ ಮನೆಯಲ್ಲಿ ತಲೆಗಳಿವೆ.

ಆದರೂ ಎರಡು ಎಂಜಿನ್ ಬೇಡ, 10 ಮೀಟರ್ ಬೇಡ ಅನ್ನುವ ಮಾತಿನಿಂದ ನಾನು ಹಿಂದೆ ಸರಿದಿಲ್ಲ. ಆರೂವರೆ ಮೀಟರ್, ಅಗಲವಾದ ತಳ, ಮೇಲಕ್ಕೆ ಮಡಚಬಹುದಾದ 40 ಅಶ್ವಶಕ್ತಿಯ ಒಂದೇ ಎಂಜಿನ್, ನಿಧಾನವಾಗಿ ಹೋದರೆ ಗಂಟೆಗೆ ಐದಾರು ಲೀಟರ್. ಅಮ್ಮನಿಗೂ ಅಲುಗಾಡುವುದಿಲ್ಲ, ಬುಡ ಕಂಡರೆ ಎಂಜಿನ್ ಎತ್ತಿಕೊಳ್ಳಬಹುದು, ಬೇಸಿಗೆಯಲ್ಲಿ ಟ್ರ್ಯಾಕ್ಟರಿಗೆ ಕಟ್ಟಿ ಮೇಲಕ್ಕೆ ಎಳೆಯಬಹುದು. ಹೊರಡುವ ಮುಂಚೆ ಇದನ್ನು ಅವರ ಔಷಧಿ ಲೆಕ್ಕದ ಪುಸ್ತಕದಲ್ಲೇ ಬರೆದಿಟ್ಟು ಬಂದೆ. ಭಾವ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಹೋದ ವಾರ ಅಕ್ಕ ಒಂದು ಫೋಟೋ ಕಳಿಸಿದಳು. ಅಡಿಕೆ ಒಣಗಿಸುವ ಅಂಗಳದಲ್ಲಿ ಸುಣ್ಣದಿಂದ ಎರಡು ದೋಣಿ ಬರೆದಿದ್ದಾರೆ, ಒಂದು ದೊಡ್ಡದು, ಅದರ ಒಳಗೆ ಆರೂವರೆ ಮೀಟರಿನದು. ಸಣ್ಣದರಲ್ಲಿ ಹನ್ನೊಂದು ಪ್ಲಾಸ್ಟಿಕ್ ಕುರ್ಚಿ ಒತ್ತೊತ್ತಾಗಿ ಹಿಡಿಸಿವೆ. ಅಮ್ಮ ಮುಂದೆ, ಭಾವ ಹಿಂದೆ ಎಂಜಿನ್ ಇರುವ ಜಾಗದಲ್ಲಿ ಕೈ ಚಾಚಿಕೊಂಡು ಕೂತಿದ್ದಾರೆ. ನಡುವೆ ಎರಡು ಕುರ್ಚಿ ಖಾಲಿ. ಅವು ನಿಮ್ಮಿಬ್ಬರದು ಅಂತ ಅಕ್ಕ ಬರೆದಿದ್ದಳು.