ಬಝರಿನ ಬಾಯಿಗೆ ಟೇಪು

ಆರಿದ್ರಾ ಮಳೆ ಹಿಡಿದರೆ ಸಕಲೇಶಪುರದ ಕಡೆಯ ತೋಟದ ಆಫೀಸುಗಳಲ್ಲಿ ಎರಡು ಸದ್ದು ಖಾತ್ರಿ: ಮೇಲೆ ಹೆಂಚಿನದು, ಕೆಳಗೆ ವಿಸ್ಯಾಟ್ (ಉಪಗ್ರಹ ಸಂಪರ್ಕದ) ಮೋಡೆಮಿನ ಬಝರಿನದು; ಲಿಂಕ್ ತಪ್ಪಿದರೆ ಅದು ಕೂಗಬೇಕು. ಈ ಸಲ ಎರಡನೆಯದು ಕೇಳಲೇ ಇಲ್ಲ. ಲಿಂಕ್ ರಾತ್ರಿಯೇ ಸತ್ತಿದೆ, ಬೆಳಗಾದರೂ ಯಾರಿಗೂ ಸುದ್ದಿಯಿಲ್ಲ. ನೋಡಿದರೆ ಬಝರಿನ ತೂತಿಗೆ ಮೂರು ಸುತ್ತು ಕಪ್ಪು ಟೇಪು.

"ಮಳೆ ಬಂದ್ರೆ ಅದು ಹಂಗೇಯ ಬಡ್ಕಳದು, ಬಿಡಿ ಸಾ." ಇದು ವಾಚ್‌ಮನ್ನರ ವಾದ. ಸಿಟ್ಟು ಬರುವುದು ಏಕೆಂದರೆ ವಾದ ಸರಿಯಿದೆ. ಈ ಲಿಂಕ್ ಬಳಸುವ ಕೆಯು ಬ್ಯಾಂಡ್ ತರಂಗಗಳ ಸಿಗ್ನಲನ್ನು ಜಡಿಮಳೆ ನುಂಗುತ್ತದೆ. ಎರಡು ಸೆಕೆಂಡು ಕುಸಿದು ಎದ್ದರೂ ಕೂಗುವ ಹಾಗೆ ಇಟ್ಟರೆ ಯಾರು ತಾನೇ ತಡೆದಾರು? ಇಬಿ/ಎನ್‌ಓ (ಗದ್ದಲಕ್ಕೆ ಹೋಲಿಸಿದ ಸಿಗ್ನಲ್ ಬಲ) ಅಲಾರಾಂ ಮಿತಿ, ಲಾಕ್ (ಸಿಗ್ನಲಿನ ಹಿಡಿತ) ತಪ್ಪುವ ಮಟ್ಟಕ್ಕಿಂತ ಒಂದು, ಒಂದೂವರೆ ಡೆಸಿಬೆಲ್ ಮೇಲಿದ್ದರೆ ಸಾಕು. ಮೋಡೆಮಿನಲ್ಲಿ ವಿಳಂಬದ ಸೆಟ್ಟಿಂಗ್ ಇಲ್ಲವೇ, ಹೊರಗೊಂದು ಟೈಮರ್ ರಿಲೇ (ತಡಮಾಡಿ ಕೆಲಸ ಮಾಡುವ ವಿದ್ಯುತ್ ಸ್ವಿಚ್) ಹಾಕಿ 30 ಸೆಕೆಂಡು ಕೊಡಿ. ಕೇಬಲ್ಲೇ ಇಲ್ಲದ ಪೋರ್ಟಿನ ಅಲಾರಾಂ ಮಾಸ್ಕ್ ಮಾಡಿ, ಅಂದರೆ ಕೂಗದಂತೆ ಮಾಡಿ. ಎಲ್‌ಎನ್‌ಬಿಗೆ (ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಡಬ್ಬಿ) ಬೇರೆ ಕಡೆಯಿಂದ ವೋಲ್ಟೇಜ್ ಹೋಗುತ್ತಿದ್ದರೆ ಅದರ ಕರೆಂಟ್ ಅಲಾರಾಮನ್ನೂ. ರಿಸೀವ್ ಲಾಕ್ ಮತ್ತು ಯೂನಿಟ್ ಫಾಲ್ಟ್ (ಮೋಡೆಮಿನದೇ ದೋಷ) ಅಲಾರಾಂ ಮಾತ್ರ ಮುಟ್ಟಬೇಡಿ.

ಇನ್ನು ವೈರಿಂಗ್. ಮೋಡೆಮಿನ ಹಿಂದಿನ ಕನೆಕ್ಟರಿನಲ್ಲಿ ಅದರ ಅಲಾರಾಂ ರಿಲೇಯ ಮೂರು ಕಾಲು: ಕಾಮನ್, ಎನ್‌ಓ (ರಿಲೇ ಬಿಟ್ಟಾಗ ಕಾಮನ್ನಿನಿಂದ ಬೇರೆಯಾಗಿರುವುದು), ಎನ್‌ಸಿ (ಆಗ ಸೇರಿರುವುದು). ಸಾಮಾನ್ಯವಾಗಿ ಎಲ್ಲ ಸರಿಯಿದ್ದಾಗ ರಿಲೇ ಎಳೆದುಕೊಂಡಿರುತ್ತದೆ; ಫಾಲ್ಟ್ ಬಂದರೂ ಕರೆಂಟ್ ಹೋದರೂ ಬಿಡುತ್ತದೆ. ಮ್ಯಾನ್ಯುಯಲ್ಲಿನ ಚಿತ್ರ ಯಾವ ಸ್ಥಿತಿಯದೋ, ಅದನ್ನು ನಂಬದೆ ಮಲ್ಟಿಮೀಟರ್ ಹಿಡಿಯಿರಿ: ಮೋಡೆಮ್ ಆನ್ ಇಟ್ಟು ಒಮ್ಮೆ, ಆಫ್ ಮಾಡಿ ಒಮ್ಮೆ. ಬಝರಿಗೆ ಬೇರೆ ಬ್ಯಾಟರಿ ಬೇಕು. ಮೋಡೆಮಿನ ಸಪ್ಲೈಯಿಂದಲೇ ಎಳೆದುಕೊಡುವ ಮಹಾನುಭಾವರಿದ್ದಾರೆ. ಅಲ್ಲಿ ಕರೆಂಟ್ ಹೋದರೆ ಇಬ್ಬರೂ ಒಟ್ಟಿಗೆ ಮೌನ. ಆ ಪುಟ್ಟ ಕಾಂಟ್ಯಾಕ್ಟಿಗೆ 230 ವೋಲ್ಟಿನ ಕಾಲಿಂಗ್ ಬೆಲ್ ಕಟ್ಟುವವರ ಬಗ್ಗೆ ಮಾತೇ ಬೇಡ.

ಟೇಪು ಕಿತ್ತರೆ ವಾಚ್‌ಮನ್ನರು ಹತ್ತಿ ತುರುಕುತ್ತಾರೆ. ಹತ್ತಿ ತೆಗೆದರೆ ಬಝರಿಗೇ ಕಂಬಳಿ ಹೊದಿಸುತ್ತಾರೆ. ಅದಕ್ಕೂ ಬೈದರೆ ಕನೆಕ್ಟರನ್ನೇ ಕಿತ್ತಿಡುತ್ತಾರೆ. ಹೀಗಾಗಿ ಮುಚ್ಚಿದ ಲೂಪ್ ಕಟ್ಟುವುದು ಲೇಸು: ಸರಿಯಿದ್ದಾಗ ಸೇರಿರುವ ಕಾಲುಗಳ ಮೂಲಕ 24 ವೋಲ್ಟಿನ ಇನ್ನೊಂದು ರಿಲೇ ಹಿಡಿದಿಟ್ಟು, ಅದು ಬಿಟ್ಟಾಗ ಬಝರ್ ಕೂಗಬೇಕು. ಅದರ ಕಾಯಿಲಿಗೆ ಅಡ್ಡಲಾಗಿ ಒಂದು 1ಎನ್4007 ಡಯೋಡ್, ಬಿಳಿ ಗೆರೆ ಪ್ಲಸ್ ಕಡೆಗೆ. ಈಗ ಇಲಿ ತಂತಿ ಕಡಿದರೂ, ವಾಚ್‌ಮನ್ನರು ಕನೆಕ್ಟರ್ ಕಿತ್ತರೂ ಕೂಗೇ ಕೂಗು. ಗೆದ್ದೆವು ಅಂದುಕೊಂಡರೆ, ಎರಡು ತಂತಿ ಸೇರಿಸಿ ತಿರುಚಿದರೆ ಸುಮ್ಮನಾಗುತ್ತದೆಂದು ವಾರದೊಳಗೆ ಕಂಡುಹಿಡಿಯುತ್ತಾರೆ! ಇಂಥವರಿಗೆ ಟಾರ್ಚು, ದೊಣ್ಣೆ ಕೊಟ್ಟು ಕೂರಿಸಿದ್ದೇ ನಮ್ಮ ತಪ್ಪು.

ನಲವತ್ತು ಕಿಲೋಮೀಟರ್ ಆಚೆ ಹಾಸನದಲ್ಲಿ ಇಸ್ರೋದ ಎಂಸಿಎಫ್ (ಉಪಗ್ರಹ ನಿಯಂತ್ರಣ ಕೇಂದ್ರ) 1982ರಿಂದ ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು ಕಾಯುತ್ತಿದೆ. ಅವು ತಮ್ಮ ಜಾಗದಲ್ಲೇ ಇವೆ. ಕೈಕೊಡುವುದು ಇಲ್ಲಿನ ಮೂರು ಮೀಟರ್ ತಂತಿ. ಮಳೆಯ ರಾತ್ರಿಯಿಡೀ ಒಬ್ಬರೇ ಆ ಕಿರುಚಾಟ ಕೇಳುತ್ತ ಕೂರುವವರ ಪಾಡೂ ಸುಲಭದ್ದಲ್ಲ, ನಿಜ.

ಹಾಗಾಗಿ ಕನೆಕ್ಟರು, ತಂತಿ ಎಲ್ಲ ಬೀಗದ ಪೆಟ್ಟಿಗೆಯೊಳಗೆ. ಹೊರಗೊಂದು ಗುಂಡಿ ಮಾತ್ರ. ಒತ್ತಿದರೆ ಸದ್ದು ನಿಲ್ಲಲಿ, ಲಿಂಕ್ ಮರಳುವವರೆಗೆ ಕೆಂಪು ದೀಪ ಉರಿಯಲಿ. ಪೆಟ್ಟಿಗೆಯ ಕೀಲಿ ಮಾತ್ರ ಅದೇ ಗೋಡೆಯ ಮೊಳೆಗೆ ನೇತುಹಾಕಬೇಡಿ.