ಓಕೆ ಎಂದರೆ ಎಷ್ಟು ಓಕೆ?

ಸಿನಿಮಾ ಹೇಗಿತ್ತು ಎಂದು ಕೇಳಿ. ‘ಓಕೆ’ ಎಂಬ ಉತ್ತರ ಬಂತೆಂದರೆ ಟಿಕೆಟ್ ತೆಗೆಯುವ ಉತ್ಸಾಹ ಅಲ್ಲೇ ಇಳಿದುಹೋಗುತ್ತದೆ. ಅದೇ, ಮೆಟ್ಟಿಲಿನಿಂದ ಜಾರಿ ಬಿದ್ದವರನ್ನು ಎಬ್ಬಿಸಿ ಕೂರಿಸಿ ಹೇಗಿದ್ದೀರಿ ಎಂದು ಕೇಳಿದಾಗ ‘ಓಕೆ’ ಎಂದರೋ, ನಮಗೇ ಹೋದ ಜೀವ ಬಂದಂತಾಗುತ್ತದೆ. ಒಂದು ಕಡೆ ಬರೀ ಪಾಸ್ ಮಾರ್ಕು, ಇನ್ನೊಂದು ಕಡೆ ನೂರಕ್ಕೆ ನೂರು.

ಇಂಗ್ಲಿಷ್ ನಿಘಂಟುಗಳು ಇದಕ್ಕೆ ಸಮಾನಾರ್ಥಕ ಪದಗಳನ್ನು ಧಾರಾಳವಾಗಿ ಕೊಡುತ್ತವೆ: ಆಲ್ ರೈಟ್, ಫೈನ್, ವೆರಿ ವೆಲ್, ಶ್ಯೂರ್, ಯೆಸ್. ಒಂದೊಂದನ್ನೇ ಓಕೆಯ ಜಾಗದಲ್ಲಿ ಕೂರಿಸಿ ನೋಡಿ, ಯಾವುದೂ ಸರಿಯಾಗಿ ಕೂರುವುದಿಲ್ಲ. ‘ಫೈನ್’ ಎಂದ ಕೂಡಲೇ ಎಲ್ಲಿಂದಲೋ ಸಣ್ಣ ಮುನಿಸೊಂದು ಬಂದು ಸೇರಿಕೊಳ್ಳುತ್ತದೆ. ಗಂಡ ಹೆಂಡಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ವೆರಿ ವೆಲ್’ ಕುರ್ಚಿಯಲ್ಲಿ ಕೂತವರ ಮಾತು. ‘ಶ್ಯೂರ್’ ಎಂದರೆ ಉತ್ಸಾಹ ತೋರಿಸಿದ ಹಾಗೆ, ‘ಯೆಸ್’ ಎಂದರೆ ಮಾತು ಕೊಟ್ಟ ಹಾಗೆ. ಓಕೆಗೆ ಇಂಥ ಯಾವ ಹೊಣೆಯೂ ಇಲ್ಲ. ನೀವು ಹೇಳಿದ್ದು ಕಿವಿಗೆ ಬಿತ್ತು, ಸದ್ಯಕ್ಕೆ ನನ್ನ ತಕರಾರಿಲ್ಲ ಎನ್ನುವಲ್ಲಿಗೆ ಅದರ ಕೆಲಸ ಮುಗಿಯಿತು. ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ. ಇಷ್ಟು ಹಗುರವಾಗಿರುವುದರಿಂದಲೇ ಅದು ಎಲ್ಲಿ ಬೇಕಾದರೂ ತೂರಿಕೊಳ್ಳುತ್ತದೆ ಎಂಬುದು ನನ್ನ ಎಣಿಕೆ.

ಹುಟ್ಟಿದ್ದೂ ತಮಾಷೆಗೇ. 1830ರ ದಶಕದ ಕೊನೆಯಲ್ಲಿ ಅಮೆರಿಕದ ಬಾಸ್ಟನ್ನಿನ ಪತ್ರಿಕೆಗಳಿಗೆ ಒಂದು ಖಯಾಲಿ ಹಿಡಿದಿತ್ತು. ಪದಗಳ ಕಾಗುಣಿತವನ್ನು ಬೇಕೆಂದೇ ಕೆಡಿಸುವುದು, ಆಮೇಲೆ ಆ ಕೆಟ್ಟ ಕಾಗುಣಿತದ ಮೊದಲಕ್ಷರಗಳನ್ನಷ್ಟೇ ಅಚ್ಚು ಹಾಕುವುದು. 1839ರ ಮಾರ್ಚ್ 23ರ ಬಾಸ್ಟನ್ ಮಾರ್ನಿಂಗ್ ಪೋಸ್ಟಿನಲ್ಲಿ ‘ಆಲ್ ಕರೆಕ್ಟ್’ ಎಂಬುದು ‘ಒಲ್ ಕೊರೆಕ್ಟ್’ ಆಗಿ, ಎ ಇರಬೇಕಾದಲ್ಲಿ ಓ, ಸಿ ಇರಬೇಕಾದಲ್ಲಿ ಕೆ ಬಂತು. ಎಲ್ಲವೂ ಸರಿಯಾಗಿದೆ ಎಂದು ಸಾರುವ ಪದದ ಎರಡಕ್ಷರಗಳೂ ತಪ್ಪು! ಇದಕ್ಕೊಂದು ಒಡಹುಟ್ಟೂ ಇತ್ತು. ‘ಆಲ್ ರೈಟ್’ ಅನ್ನು ಇದೇ ರೀತಿ ಕೆಡಿಸಿ ಮಾಡಿದ ‘ಓ ಡಬ್ಲ್ಯೂ’. ಅದನ್ನು ಇವತ್ತು ಕೇಳುವವರಿಲ್ಲ. ನಾಲಿಗೆಗೆ ಮೂರು ಹೊರಳು ಕೊಡುವ ಡಬ್ಲ್ಯೂ ಯಾರಿಗೆ ಬೇಕು?

ಓಕೆಗೆ ಅದೃಷ್ಟವೂ ಕೈಹಿಡಿಯಿತು. 1840ರ ಅಧ್ಯಕ್ಷೀಯ ಚುನಾವಣೆಗೆ ನಿಂತಿದ್ದ ಮಾರ್ಟಿನ್ ವಾನ್ ಬ್ಯೂರೆನ್ ಕಿಂಡರ್‌ಹುಕ್ ಎಂಬ ಊರಿನವರು. ‘ಓಲ್ಡ್ ಕಿಂಡರ್‌ಹುಕ್’ ಎಂಬ ಅಡ್ಡಹೆಸರು ಕುಗ್ಗಿಸಿದರೆ ಓಕೆ. ಬೆಂಬಲಿಗರು ಅದನ್ನೇ ಘೋಷಣೆ ಮಾಡಿಕೊಂಡರು. ವಾನ್ ಬ್ಯೂರೆನ್ ಸೋತರು, ಘೋಷಣೆ ಗೆದ್ದಿತು. ಮುಂದೆ ಇದರ ಮೂಲ ಹುಡುಕಲು ಹೋದವರು ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನರ ಭಾಷೆಯವರೆಗೂ ಹೋಗಿಬಂದರು. ಅಧ್ಯಕ್ಷ ವುಡ್ರೋ ವಿಲ್ಸನ್ ಅದನ್ನು ನಂಬಿ ‘ಓಕೆಹ್’ ಎಂದೇ ಬರೆಯುತ್ತಿದ್ದರು. 1960ರ ದಶಕದಲ್ಲಿ ಅಲೆನ್ ವಾಕರ್ ರೀಡ್ ಎಂಬ ಭಾಷಾ ವಿದ್ವಾಂಸರು ಹಳೆಯ ಪತ್ರಿಕೆಗಳ ರಾಶಿ ಜಾಲಾಡಿ ಬಾಸ್ಟನ್ನಿನ ಆ ತಮಾಷೆಯನ್ನು ಹೊರಗೆಳೆದರು.

ಯಂತ್ರಗಳಿಗಂತೂ ಈ ಪದ ಬಲು ಇಷ್ಟ. ಸಂದೇಶ ಬಂದು ಮುಟ್ಟಿತು ಎನ್ನಲು ತಂತಿ ಕಚೇರಿಯವರು ಓಕೆ ಎಂದು ಕುಟ್ಟುತ್ತಿದ್ದರು. ಈಗ ಫೋನಿನಲ್ಲಿ ಪುಟವೊಂದು ಸರಿಯಾಗಿ ತೆರೆದುಕೊಂಡರೆ ಆಚೆಯ ಸರ್ವರ್ ನಮಗೆ ಕಾಣದಂತೆ ‘200 ಓಕೆ’ ಎಂದಿರುತ್ತದೆ. ಕಂಪ್ಯೂಟರ್ ಪರದೆಯ ಓಕೆ ಗುಂಡಿಯ ಕತೆ ಇನ್ನೂ ಸೊಗಸು. 1980ರ ದಶಕದ ಆರಂಭದಲ್ಲಿ ಆಪಲ್ ಕಂಪನಿಯವರು ಲಿಸಾ ಕಂಪ್ಯೂಟರ್ ಸಿದ್ಧಪಡಿಸುವಾಗ ಆ ಗುಂಡಿಯ ಮೇಲೆ ಮೊದಲು ‘ಡು ಇಟ್’ ಎಂದಿತ್ತಂತೆ. ಪರೀಕ್ಷೆಗೆ ಕೂತವರಲ್ಲೊಬ್ಬರು ಎರಡು ಪದಗಳನ್ನೂ ಕೂಡಿಸಿ, ಇಂಗ್ಲಿಷಿನ ‘ಐ’ ಅಕ್ಷರವನ್ನು ‘ಎಲ್’ ಎಂದುಕೊಂಡು, ‘ಡೋಲ್ಟ್’ ಎಂದು ಓದಿಕೊಂಡರು. ಡೋಲ್ಟ್ ಎಂದರೆ ದಡ್ಡ. ನನ್ನನ್ನೇಕೆ ಈ ಯಂತ್ರ ಬೈಯುತ್ತಿದೆ ಎಂದು ಅವರಿಗೆ ಸಿಟ್ಟು. ಅಂದಿನಿಂದ ಅಲ್ಲಿ ಓಕೆ.

ಹಗುರವಾದದ್ದಕ್ಕೆ ಒಂದು ಅಪಾಯವೂ ಇದೆ. ಕೇಳಿಸಿಕೊಂಡೆ ಎನ್ನುವುದಕ್ಕೂ ಒಪ್ಪಿದೆ ಎನ್ನುವುದಕ್ಕೂ ಓಕೆಯೇ. ವೈಮಾನಿಕರ ರೇಡಿಯೊ ಭಾಷೆ ಇವೆರಡನ್ನೂ ಬೇರೆಬೇರೆ ಇಟ್ಟಿದೆ: ‘ರೋಜರ್’ ಎಂದರೆ ಮಾತು ಪೂರ್ತಿ ಕೇಳಿಸಿತು, ‘ವಿಲ್ಕೊ’ ಎಂದರೆ ಹೇಳಿದಂತೆ ಮಾಡುತ್ತೇನೆ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ, ದಟ್ಟ ಮಂಜಿನ ನಡುವೆ, ಡಚ್ ವಿಮಾನವೊಂದು ನಾವೀಗ ಟೇಕಾಫ್‌ನಲ್ಲಿದ್ದೇವೆ ಎಂದಿತು. ಕಂಟ್ರೋಲ್ ಟವರಿನ ಉತ್ತರ ‘ಓಕೆ’ ಎಂದೇ ಶುರುವಾಯಿತು. ಅದರ ಬೆನ್ನಿಗಿದ್ದ ‘ಕಾಯಿರಿ, ನಾನು ಕರೆಯುತ್ತೇನೆ’ ಎಂಬ ಮಾತು, ರನ್‌ವೇ ಮೇಲೆಯೇ ಇದ್ದ ಇನ್ನೊಂದು ವಿಮಾನದವರೂ ಅದೇ ಕ್ಷಣದಲ್ಲಿ ಮಾತಾಡಿದ್ದರಿಂದ, ಕರ್ಕಶ ಸದ್ದಿನಲ್ಲಿ ಹೂತುಹೋಯಿತು. ಎರಡೂ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಕಾರಣ ಇದೊಂದೇ ಅಲ್ಲ, ಹಲವಿದ್ದವು. ಆದರೂ ಆ ಹೊತ್ತಿನಲ್ಲಿ ಸ್ಪಷ್ಟವಾಗಿ ಕೇಳಿಸಿದ್ದು ಓಕೆಯೊಂದೇ.

ನೀರಿನೊಳಗೆ ಇಳಿಯುವ ಡೈವರುಗಳು ಮಾತ್ರ ಇದನ್ನು ಅಚ್ಚುಕಟ್ಟಾಗಿ ಬಳಸುತ್ತಾರೆ. ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿ ತೋರಿಸಿದರೆ ‘ಓಕೆನಾ?’ ಎಂಬ ಪ್ರಶ್ನೆ. ತಿರುಗಿ ಅದನ್ನೇ ತೋರಿಸುವುದು ಉತ್ತರ. ಚೆನ್ನಾಗಿದ್ದೇನೆ ಎಂದು ಹೆಬ್ಬೆರಳು ಎತ್ತಿದರೆ ಜೊತೆಗಾರ ಮೇಲಕ್ಕೆ ಹೊರಟುಬಿಡುತ್ತಾನೆ, ಏಕೆಂದರೆ ಅಲ್ಲಿ ಅದರರ್ಥ ‘ಮೇಲೆ ಹೋಗೋಣ’.

ದಡದ ಮೇಲಿರುವ ನಾವು ಅಷ್ಟು ಶಿಸ್ತಿನವರಲ್ಲ. ಒಂದು ಓಕೆಗೆ ಒಪ್ಪಿಗೆ ಎಂದರ್ಥ. ‘ಓಕೆ ಓಕೆ’ ಎಂದು ಎರಡು ಸಲ ಅಂದರೆ ಸಾಕು ಮಾಡಪ್ಪಾ ಎಂದರ್ಥ. ಫೋನಿನಲ್ಲಿ ‘ಓಕೆ, ಮತ್ತೆ...’ ಎಂದರೆ ಇಡಲು ಹೊರಟಿದ್ದಾರೆ. ಚಾಟ್‌ನಲ್ಲಂತೂ ಅದು ಸವೆದು ಸವೆದು ಬರೀ ‘ಕೆ’ ಆಗಿದೆ. ಬಂದ ‘ಕೆ’ ಕೋಪದ್ದೋ ಅವಸರದ್ದೋ ಎಂದು ತಲೆ ಕೆಡಿಸಿಕೊಳ್ಳುವವರಿದ್ದಾರೆ. ಅಷ್ಟು ಪುರುಸೊತ್ತಿಲ್ಲದವರು ತಿರುಗಿ ಒಂದು ‘ಓಕೆ’ ಕಳಿಸಿ ಕೆಲಸಕ್ಕೆ ಹೋಗುತ್ತಾರೆ.