ಪಕ್ಕದ ಮನೆ ಜೆಡಿಗೆ ಹೋದಾಗ

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಬೆಳಗಿನ ವಾಕಿಂಗಿನವರು ಹೊತ್ತು ತರುವ ಸುದ್ದಿಗಳಲ್ಲಿ ಮದುವೆ, ಮುಂಜಿ, ಸಾವುಗಳ ಜೊತೆ ಈಗ ಇನ್ನೊಂದು ಸೇರಿದೆ: "ಮೂಲೆಮನೆಯವರು ಜೆಡಿಗೆ ಕೊಟ್ಟುಬಿಟ್ರಂತೆ!" ಜಾಯಿಂಟ್ ಡೆವಲಪ್‌ಮೆಂಟ್ ಎಂದು ಪೂರ್ತಿ ಹೇಳುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಸೈಟು ನಮ್ಮದು, ದುಡ್ಡು ಬಿಲ್ಡರಿನದು, ಎದ್ದ ಕಟ್ಟಡದಲ್ಲಿ ಅರ್ಧರ್ಧ. ಕಟ್ಟುವಷ್ಟು ಕಾಲ ಬೇರೆ ಕಡೆ ಇರುವುದಕ್ಕೆ ತಿಂಗಳ ಬಾಡಿಗೆಯನ್ನೂ ಅವನೇ ಕೊಡುತ್ತಾನೆ. ಕೇಳಿದರೆ ಯಾರಿಗಾದರೂ ಬಾಯಲ್ಲಿ ನೀರೂರಬೇಕು.

ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದು 1898ರ ಪ್ಲೇಗಿನ ನಂತರ. ಪೇಟೆಯ ಇಕ್ಕಟ್ಟಿನಲ್ಲಿ ರೋಗ ಹರಡಿದ್ದನ್ನು ಕಂಡವರು ಇಲ್ಲಿ ಗಾಳಿ ಬೆಳಕಿಗೆ ಜಾಗ ಬಿಟ್ಟು ಸೈಟು ಹಂಚಿದರು, ಮನೆಗಳ ಬೆನ್ನಿಗೆ ಕಸ-ಕಕ್ಕಸು ತೆಗೆಯುವವರು ಓಡಾಡಲು ಕನ್ಸರ್ವೆನ್ಸಿ ಓಣಿ ಬಿಟ್ಟರು. ನೂರಿಪ್ಪತ್ತೈದು ವರ್ಷದಲ್ಲಿ ಸೈಟು ಬೆಳೆಯಲಿಲ್ಲ, ಮಕ್ಕಳು ಮೊಮ್ಮಕ್ಕಳು ಬೆಳೆದರು. ಒಬ್ಬ ಅಮೆರಿಕದಲ್ಲಿ, ಒಬ್ಬಳು ವೈಟ್‌ಫೀಲ್ಡಿನಲ್ಲಿ. ಇಬ್ಬರಿಗೂ ಮನೆ ಬೇಡ, ಪಾಲು ಬೇಕು. ಮುಂಬಯಿಯಲ್ಲಿ ವಠಾರದಂಥ ಚಾಳಿಗೆ ಚಾಳೇ ಮೀಟಿಂಗ್ ಸೇರಿ, ಓಟು ಹಾಕಿ, ಒಟ್ಟಿಗೆ ಖಾಲಿ ಮಾಡುತ್ತಾರೆ. ಇಲ್ಲಿ ಬೀದಿ ಬದಲಾಗುವುದು ಒಂದೊಂದೇ ಸೈಟಿನಂತೆ. ಆದ್ದರಿಂದ ಜೆಡಿ ಎನ್ನುವುದು ಕಾಗದದಲ್ಲಿ ಇಬ್ಬರ ವ್ಯವಹಾರವಾದರೂ ಅದನ್ನು ಅನುಭವಿಸುವವರು ಮೂರನೆಯವರು. ಒಪ್ಪಂದದಲ್ಲಿ ಮಾಲೀಕನಿಗೆ ಕಲಂ ಉಂಟು, ಬಿಲ್ಡರಿಗೆ ಕಲಂ ಉಂಟು, ಲಿಫ್ಟಿನ ಕಂಪನಿ ಯಾವುದು ಎಂಬುದಕ್ಕೂ ಒಂದು ಸಾಲು ಉಂಟು. ಪಕ್ಕದ ಮನೆಯವರ ಹೆಸರು ಬರುವುದು ಚೆಕ್ಕುಬಂದಿಯಲ್ಲಿ ಮಾತ್ರ: ಉತ್ತರಕ್ಕೆ ಇಂಥವರ ಸ್ವತ್ತು. ಆ ಉತ್ತರದ ಸ್ವತ್ತಿನವರು ತಿಳಿದಿರಬೇಕಾದ್ದು ಬಹಳ ಇದೆ.

ಮೊದಲ ಸೂಚನೆ ಸದ್ದಿನ ರೂಪದಲ್ಲಿ ಬರುತ್ತದೆ. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು ನಿಲ್ಲಿಸಿ, 63.5 ಕಿಲೋ ತೂಕದ ಗುಂಡನ್ನು 75 ಸೆಂಟಿಮೀಟರ್ ಎತ್ತಿ ಬಿಡುತ್ತಾರೆ. ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಎಂದು ಒಬ್ಬ ಎಣಿಸಿ ಬರೆದುಕೊಳ್ಳುತ್ತಾನೆ. ಇದು ಮಣ್ಣಿನ ಪರೀಕ್ಷೆ. ಈ ಸದ್ದು ಕೇಳಿದರೆ ಗೊಣಗಬೇಡಿ, ಸಂತೋಷಪಡಿ. ಸಣ್ಣ ಸೈಟುಗಳಲ್ಲಿ ಎಷ್ಟೋ ಜನ ಇದನ್ನು ಮಾಡಿಸುವುದೇ ಇಲ್ಲ, ಮೇಸ್ತ್ರಿ ಹಾರೆಯಿಂದ ಎರಡು ಸಲ ಕುಕ್ಕಿ "ಗಟ್ಟಿ ಇದೆ ಸಾರ್" ಅಂದರೆ ಪರೀಕ್ಷೆ ಮುಗಿಯಿತು.

ಎರಡನೆಯ ಸೂಚನೆ ಹಳೇ ಮರದ ವ್ಯಾಪಾರಿ. ಮನೆ ಒಡೆಯುವ ಗುತ್ತಿಗೆ ಹಿಡಿಯುವವನು ಒಳಗೆ ಬಂದ ಕೂಡಲೇ ಗೋಡೆ ನೋಡುವುದಿಲ್ಲ, ತಲೆ ಎತ್ತಿ ಸೂರು ನೋಡುತ್ತಾನೆ. ತೇಗದ ತೊಲೆ, ಜಂತೆ, ಬಾಗಿಲು, ಚೌಕಟ್ಟು ಚೆನ್ನಾಗಿದ್ದರೆ ಅವನೇ ಮಾಲೀಕನಿಗೆ ದುಡ್ಡು ಕೊಟ್ಟು ಒಡೆಯುತ್ತಾನೆ. ಬರೀ ಸಿಮೆಂಟು, ಜಂಗಲ್ ಮರ ಆದರೆ ಮಾಲೀಕನೇ ಅವನಿಗೆ ಕೊಡಬೇಕು. ಮಂಗಳೂರು ಹೆಂಚನ್ನು ಒಂದೊಂದಾಗಿ ಇಳಿಸಿ ಜೋಡಿಸುತ್ತಾರೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಮೇಲೆ ಎರಡೇಟು ಬಿದ್ದರೆ ಇಡಿಯಾಗಿ ಬಿಡಿಸಿಕೊಂಡು ಬರುತ್ತದೆ, ಯಾಕೆಂದರೆ ಗಾರೆ ಇಟ್ಟಿಗೆಗಿಂತ ಮೆದು. ಸಿಮೆಂಟಿನದಾದರೆ ಗಾರೆಗಿಂತ ಮೊದಲು ಇಟ್ಟಿಗೆಯೇ ಒಡೆಯುತ್ತದೆ. ಅಜ್ಜಿ ತೆಂಗಿನೆಣ್ಣೆ ಹಚ್ಚಿ ತಿಕ್ಕಿಸಿ ಹೊಳಪು ಕೊಡಿಸಿದ ರೆಡ್ ಆಕ್ಸೈಡ್ ನೆಲಕ್ಕೆ ಮಾತ್ರ ಗಿರಾಕಿ ಇಲ್ಲ. ಅದು ಹಾಸಿದ್ದಲ್ಲ, ಬಳಿದು ತಿಕ್ಕಿದ್ದು, ಕಿತ್ತರೆ ಪುಡಿ. ಇನ್ನು ಒರಳುಕಲ್ಲು. ಕೊಳ್ಳುವವರಿಲ್ಲ, ಎಸೆಯಲು ಮನಸ್ಸಿಲ್ಲ, ಎತ್ತಲು ನಾಲ್ಕಾಳು ಬೇಕು. ಕೊನೆಗೆ ರಸ್ತೆ ಬದಿಯ ಹೊಂಗೆಮರದ ಬುಡದಲ್ಲಿ ಕೂರುತ್ತದೆ, ಬೀದಿನಾಯಿಗೆ ನೀರಿಡಲು ಅನುಕೂಲ.

ಒಡೆಯುವ ಮೊದಲು ನೋಡಬೇಕಾದ್ದು ಚರಂಡಿ. ಹಳೇ ಮನೆಗಳ ಒಳಚರಂಡಿ ಪಿಂಗಾಣಿ ಪೈಪಿನದು, ಕೆಲವೆಡೆ ಎರಡು ಮನೆಗೆ ಒಂದೇ ಚೇಂಬರು. ಪಕ್ಕದವರ ಪೈಪಿನ ಬಾಯಿಗೆ ಇಟ್ಟಿಗೆ-ಗಾರೆ ಮುಚ್ಚದೆ ಜೆಸಿಬಿ ಇಳಿಸಿದರೆ ಡೆಬ್ರಿ ಒಳಗೆ ಜಾರಿ, ಮೂರನೇ ದಿನ ನಿಮ್ಮ ಬಚ್ಚಲಲ್ಲಿ ನೀರು ಮೇಲೇರುತ್ತದೆ. ಅಷ್ಟು ಹೊತ್ತಿಗೆ ಆ ಜಾಗದ ಮೇಲೆ ಹತ್ತು ಲೋಡು ಮಣ್ಣು ಬಿದ್ದಿರುತ್ತದೆ. ಇದರ ಜೊತೆಗೆ ವಲಸೆ ಬೇರೆ. ಬಿದ್ದ ಮನೆಯ ಹೆಗ್ಗಣಗಳಿಗೆ ಬಿಲ್ಡರು ಬಾಡಿಗೆ ಕೊಡುವುದಿಲ್ಲವಲ್ಲ, ಅವು ನಿಮ್ಮ ಮನೆಗೇ ಬರಬೇಕು. ನೀರು ಹೊರಹೋಗುವ ತೂತುಗಳಿಗೆಲ್ಲ ಮೊದಲೇ ಜಾಲರಿ ಬಡಿಸಿಟ್ಟರೆ ಅರ್ಧ ನೆಂಟರು ಬೇರೆ ದಾರಿ ನೋಡುತ್ತಾರೆ.

ಆದರೆ ನಿಜವಾಗಿ ನಿದ್ದೆ ಕೆಡಿಸುವುದು ಪಾಯದ ಅಗೆತ. ಹಳೇ ಮನೆಯ ಪಾಯ ಸೈಜುಗಲ್ಲಿನದು, ಮೂರ್ನಾಲ್ಕು ಅಡಿ ಆಳ. ಎಷ್ಟೋ ಕಡೆ ಕಲ್ಲಿನ ಸಂದಿಗೆ ಸಿಮೆಂಟಿಲ್ಲ, ಸುಣ್ಣ ಅಥವಾ ಬರೀ ಮಣ್ಣು. ಅದು ಅಷ್ಟು ವರ್ಷ ನಿಂತದ್ದು ಎರಡೂ ಬದಿಯ ಮಣ್ಣು ಒತ್ತಿ ಹಿಡಿದಿದ್ದರಿಂದ. ಹೊಸ ಕಟ್ಟಡದ ಪಿಲ್ಲರಿನ ಗುಂಡಿ ಆರೇಳು ಅಡಿ ಇಳಿಯುತ್ತದೆ, ಸಂಪು, ಲಿಫ್ಟಿನ ಗುಂಡಿ ಇನ್ನೊಂದಿಷ್ಟು. ಗುಂಡಿಯ ತಳದಿಂದ 45 ಡಿಗ್ರಿ ಓರೆಯಾಗಿ ಮೇಲಕ್ಕೆ ಗೆರೆ ಎಳೆದರೆ ಅದು ನಿಮ್ಮ ಪಾಯದ ತಳಕ್ಕಿಂತ ಹೊರಗೇ ಉಳಿಯಬೇಕು ಎನ್ನುವುದು ಇಂಜಿನಿಯರುಗಳ ಸ್ಥೂಲ ಲೆಕ್ಕ. ಗೆರೆ ಪಾಯದ ಅಡಿಗೆ ಹೊಕ್ಕರೆ ಅಲ್ಲಿಯ ಮಣ್ಣು ಗುಂಡಿಯ ಕಡೆಗೆ ಜಾರಲು ಹೊಂಚುತ್ತಿದೆ ಎಂದರ್ಥ. ಹಳೇ ಬಡಾವಣೆಯ ಸಂದಿಯಲ್ಲಿ ಆ ಗೆರೆ ಸಾಮಾನ್ಯವಾಗಿ ಹೊಕ್ಕೇ ಹೊಗುತ್ತದೆ. ಆಗ ಉಳಿದಿರುವ ಉಪಾಯ, ಬದಿಯ ಉದ್ದಕ್ಕೂ ಒಮ್ಮೆಗೇ ಅಗೆಯದೆ ಒಂದು ಬಿಟ್ಟು ಒಂದು ಗುಂಡಿ ತೆಗೆಯುವುದು, ಮೊದಲಿನದಕ್ಕೆ ಕಾಂಕ್ರೀಟು ಹಾಕಿ ಮಣ್ಣು ತುಂಬಿಸಿದ ಮೇಲೆ ನಡುವಿನದಕ್ಕೆ ಕೈಹಾಕುವುದು, ಅಲ್ಲಿಯ ತನಕ ಹಲಗೆ ಕೊಟ್ಟು ಮಣ್ಣು ತಡೆಯುವುದು. ಜೆಸಿಬಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ. ಅದು ಬಿಟ್ಟು ಬಿಟ್ಟು ಅಗೆಯುವುದು ಯಾರಿಗೂ ಇಷ್ಟವಿಲ್ಲ, ನೀವೇ ನಿಂತು ಕೇಳಬೇಕು. ಮಳೆಗಾಲದಲ್ಲಂತೂ ತೆರೆದ ಗುಂಡಿ ಒಂದು ರಾತ್ರಿಯೂ ಹಾಗೇ ಇರಕೂಡದು. ನಿಮ್ಮ ಕಾಂಪೌಂಡಿನೊಳಗಿನ ಮಾವಿನಮರಕ್ಕೂ ಇದೇ ಮಾತು: ಆ ಕಡೆಗೆ ಹೋದ ಬೇರೆಲ್ಲ ಕತ್ತರಿಸಿ ಹೋದರೆ ಮರ ನಿಂತಂತೆ ಕಂಡರೂ ಮುಂದಿನ ಗಾಳಿಮಳೆಗೆ ಬೀಳುವ ಬದಿ ಗೊತ್ತಾಗಿಬಿಡುತ್ತದೆ.

ಬಿರುಕು ಬಂದ ಮೇಲೆ ಫೋಟೋ ತೆಗೆದು ಪ್ರಯೋಜನವಿಲ್ಲ. "ಇದು ಮೊದಲೇ ಇತ್ತು ಸಾರ್" ಎಂಬ ಉತ್ತರ ಸಿದ್ಧವಾಗಿರುತ್ತದೆ, ಎಷ್ಟೋ ಸಲ ಅದು ನಿಜವೂ ಹೌದು. ಒಡೆಯುವ ಮೊದಲೇ ಮನೆಯ ಗೋಡೆ, ತಾರಸಿ, ಕಾಂಪೌಂಡನ್ನೆಲ್ಲ ತಾರೀಕು ಬೀಳುವಂತೆ ಫೋಟೋ ತೆಗೆದು, ಇರುವ ಬಿರುಕುಗಳನ್ನು ಪ್ರಾಮಾಣಿಕವಾಗಿ ಪಟ್ಟಿ ಮಾಡಿ, ಬಿಲ್ಡರ್ ಕಡೆಯ ಇಂಜಿನಿಯರನ್ನು ಕಾಫಿಗೆ ಕರೆದು ಎರಡು ಪ್ರತಿಗೂ ಸಹಿ ಹಾಕಿಸಿಕೊಳ್ಳುವುದು ವಾಸಿ. ನಮ್ಮ ಜನಕ್ಕೆ ಇದು ದಾಕ್ಷಿಣ್ಯದ ಕೆಲಸ. ಇಷ್ಟು ವರ್ಷದ ನೆರೆಹೊರೆ, ಏನೆಂದುಕೊಂಡಾರು ಎಂಬ ಸಂಕೋಚ. ಸಹಿ ಕೇಳಿದರೆ ಒಂದು ವಾರ ಮುಖ ದಪ್ಪಗಾಗಬಹುದು; ಕೇಳದಿದ್ದರೆ ಮಾತೇ ನಿಲ್ಲುವಷ್ಟು ಜಗಳವಾಗಬಹುದು.

ಎಲ್ಲ ಬಿರುಕೂ ಒಂದೇ ಅಲ್ಲ. ಗಿಲಾವಿನ ಮೇಲೆ ಕೂದಲೆಳೆಯಂತೆ ಅಡ್ಡಾದಿಡ್ಡಿ ಹರಡಿದ್ದು ಗೋಡೆಯದಲ್ಲ, ಗಿಲಾವಿನದು, ಅದಕ್ಕೆ ಹೆದರಬೇಕಿಲ್ಲ. ಕಿಟಕಿಯ ಮೂಲೆಯಿಂದ ಹೊರಟು ಇಟ್ಟಿಗೆಯ ಸಾಲು ಹಿಡಿದು ಮೆಟ್ಟಿಲಿನ ಆಕಾರದಲ್ಲಿ ಓರೆಯಾಗಿ ಇಳಿಯುವ ಬಿರುಕು, ಒಂದು ತುದಿ ಸಣ್ಣ ಇನ್ನೊಂದು ತುದಿ ಅಗಲ ಇದ್ದರೆ, ಪಾಯ ಕುಸಿದದ್ದರ ಗುರುತು. ಬೆಳೆಯುತ್ತಿದೆಯೋ ನಿಂತಿದೆಯೋ ನೋಡಲು ಎರಡು ತುದಿಗೂ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ತಾರೀಕು ಬರೆಯಿರಿ. ಅಗಲ ಇರುವ ಕಡೆ ಗಿಲಾವು ಕೆರೆದು, ತೆಳು ಗಾಜಿನ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡಲಾಗಿಟ್ಟು ಎರಡು ಕೊನೆಗೂ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ. ಗೋಡೆ ಕದಲಿದರೆ ಗಾಜು ಒಡೆಯುತ್ತದೆ. ಗಾಜಿನಂಗಡಿಯಲ್ಲಿ ತುಂಡು ಕೇಳಿದರೆ ಸುಮ್ಮನೆ ಕೊಟ್ಟಾರು. ಒಡೆದರೆ ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಯುವ ಹೊತ್ತು, ಬಿಲ್ಡರಿನ ಮೇಸ್ತ್ರಿಯನ್ನಲ್ಲ. ಮೇಸ್ತ್ರಿ ಸಿಮೆಂಟು ಮೆತ್ತಿ ಹೋಗುತ್ತಾನೆ.

ಮೆತ್ತುವ ವಿಷಯ ಬಂದಾಗ ಮದ್ರಾಸ್ ತಾರಸಿಯವರು ವಿಶೇಷ ಜಾಗ್ರತೆ. ತೇಗದ ಜಂತೆಗಳ ಮೇಲೆ ತೆಳು ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಸುಣ್ಣದಲ್ಲಿ ಕೂರಿಸಿ, ಮೇಲೆ ಇಟ್ಟಿಗೆ ಚೂರು-ಸುಣ್ಣ ಹರಡಿ ದಿನಗಟ್ಟಲೆ ಬಡಿದು ಮಾಡಿದ ಸೂರು ಅದು. ಪಕ್ಕದಲ್ಲಿ ಕಾಂಕ್ರೀಟು ಒಡೆಯುವ ಬ್ರೇಕರ್ ಯಂತ್ರದ ಅದುರಿಗೆ ಅಲ್ಲಲ್ಲಿ ಸಡಿಲಾಗಿ ಮೊದಲ ಮಳೆಗೆ ಸೋರುತ್ತದೆ. ಮೇಲೆ ಸಿಮೆಂಟು ಬಳಿದರೆ ಕೆಳಗಿನ ಸುಣ್ಣದಷ್ಟು ಅದು ಬಿಸಿಲಿಗೆ ಬಳುಕುವುದಿಲ್ಲ, ಬೇರೆಯಾಗಿ ಸೀಳುತ್ತದೆ, ಸಂದಿಯಲ್ಲಿ ನೀರು ನಿಂತು ಜಂತೆಯನ್ನು ಕೊಳೆಸುತ್ತದೆ. ಸುಣ್ಣದ ಸೂರಿಗೆ ಸುಣ್ಣ-ಸುರ್ಕಿಯೇ (ಇಟ್ಟಿಗೆ ಪುಡಿ) ಆಗಬೇಕು. ಅದು ಬಲ್ಲ ಕೈಗಳು ಕಡಿಮೆಯಾಗಿವೆ, ಸಿಕ್ಕರೆ ಅವರ ನಂಬರು ಬೀದಿಗೆಲ್ಲ ಹಂಚಿ.

ಪಾಯ ಮೇಲೆ ಬಂದಿತೆಂದರೆ ಕಷ್ಟ ಅರ್ಧ ಇಳಿಯಿತು, ಉಳಿದದ್ದು ಕಿರಿಕಿರಿ. ಸೈಟಿನ ಮೂಲೆಯಲ್ಲಿ ಶೀಟಿನ ಗೂಡು ಏಳುತ್ತದೆ. ಯಾದಗಿರಿ, ರಾಯಚೂರು ಕಡೆಯ ವಾಚ್‌ಮನ್ ಸಂಸಾರ ಬರುತ್ತದೆ. "ಅಮ್ಮಾರ, ಒಂದ್ ಕೊಡ ಕುಡಿಯೋ ನೀರ್ ತುಂಬ್ಕೋತೀನ್ರಿ" ಎಂದು ಕೇಳಿಬಂದ ಹೆಂಗಸು ಮುಂದಿನ ಒಂದೂವರೆ ವರ್ಷ ಈ ಬೀದಿಯಲ್ಲಿ ಯಾರು ಬಂದರು ಯಾರು ಹೋದರು ಎಂಬುದನ್ನೆಲ್ಲ ಬಲ್ಲವಳಾಗುತ್ತಾಳೆ. ಸೈಟಿನವರಿಗೆ ಏನಾದರೂ ಮುಟ್ಟಿಸಬೇಕಾದರೆ ಇಂಜಿನಿಯರ ಮೊಬೈಲಿಗಿಂತ ಇವಳೇ ಬೇಗ.

ಮೋಲ್ಡ್, ಅಂದರೆ ತಾರಸಿಯ ಕಾಂಕ್ರೀಟು, ಹಾಕುವ ರಾತ್ರಿ ನಿದ್ದೆಯ ಆಸೆ ಬಿಡಿ. 40–60 ಅಡಿಯ ಸೈಟಿನಲ್ಲಿ ನೆಲದ ಮುಕ್ಕಾಲು ಭಾಗ ಕಟ್ಟಿದರೆ ಒಂದು ಅಂತಸ್ತು 1,800 ಚದರಡಿ. ಐದಿಂಚು ದಪ್ಪ ಎಂದರೆ ಸ್ಲ್ಯಾಬಿಗೇ 21 ಘನಮೀಟರ್ ಕಾಂಕ್ರೀಟು, ಬೀಮು ಸೇರಿದರೆ 30ರ ಆಸುಪಾಸು. ತಿರುಗುವ ಲಾರಿಯೊಂದು ತರುವುದು ಆರು ಘನಮೀಟರ್, ಹಾಗಾಗಿ ಐದು ಲಾರಿ. ಹಗಲಿನ ಟ್ರಾಫಿಕ್ಕಿನಲ್ಲಿ ದೊಡ್ಡ ಗಾಡಿಗಳಿಗೆ ತಡೆ ಇರುವುದರಿಂದ ಅವು ರಾತ್ರಿಯೇ ಬರಬೇಕು. ಕಲಸಿದ ಕಾಂಕ್ರೀಟು ಹೆಚ್ಚು ಹೊತ್ತು ಕಾಯುವುದಿಲ್ಲ, ಒಂದು ಕಡೆ ಗಟ್ಟಿಯಾದ ಮೇಲೆ ಪಕ್ಕದಲ್ಲಿ ಹೊಸದು ಸುರಿದರೆ ಸೇರುವ ಗೆರೆಯಲ್ಲೇ ನಾಳೆ ಸೋರುತ್ತದೆ. ಆದ್ದರಿಂದ ಶುರುವಾದದ್ದನ್ನು ನಡುವೆ ನಿಲ್ಲಿಸಿ ಎಂದು ಗದರುವುದು ವ್ಯರ್ಥ. ಯಾವ ರಾತ್ರಿ ಎಂದು ಎರಡು ದಿನ ಮೊದಲೇ ಕೇಳಿ ತಿಳಿದುಕೊಂಡರೆ, ಮಗನ ಪರೀಕ್ಷೆ ಇದ್ದರೆ ಅತ್ತೆ ಮನೆಗೆ ಕಳಿಸಬಹುದು.

ಗೋಡೆ, ಗಿಲಾವು, ಟೈಲ್ಸ್ ಕತ್ತರಿಸುವ ಕೀರಲು, ಅಡಿಗೆಮನೆಯ ಡಬ್ಬಿಗಳ ಮೇಲೆ ಕೂರುವ ಬಿಳಿ ಧೂಳು, ಇವನ್ನು ವರ್ಣಿಸುವುದು ಬೇಡ. ಆದರೆ ಕಟ್ಟಡ ಮುಗಿದ ಮೇಲೂ ಉಳಿಯುವ ಒಂದು ಲೆಕ್ಕವನ್ನು ಯಾರೂ ಮೊದಲೇ ಹಾಕುವುದಿಲ್ಲ: ನೆರಳು. ಸ್ಟಿಲ್ಟ್ (ಕಾರು ನಿಲ್ಲಿಸಲು ಬರೀ ಪಿಲ್ಲರಿನ ನೆಲಮಟ್ಟ) ಮೇಲೆ ನಾಲ್ಕಂತಸ್ತು ಎಂದರೆ ಸುಮಾರು 50 ಅಡಿ. ಡಿಸೆಂಬರಿನ ನಡುಹಗಲಲ್ಲಿ ಬೆಂಗಳೂರಿನ ಸೂರ್ಯ ದಕ್ಷಿಣಕ್ಕೆ ವಾಲಿ 53–54 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ಆ ಕಟ್ಟಡದ ನೆರಳು ಉತ್ತರಕ್ಕೆ 37 ಅಡಿ ಚಾಚುತ್ತದೆ. ನಿಮ್ಮ ಮಾಳಿಗೆಯ ಮೇಲಿನ ಸೋಲಾರ್ ನೆಲದಿಂದ 18 ಅಡಿ ಎತ್ತರದಲ್ಲಿದ್ದರೂ ಆ ಗೋಡೆಯಿಂದ 23 ಅಡಿಯ ತನಕ ಬಿಸಿಲಿಲ್ಲ. ಜೂನಿನಲ್ಲಾದರೆ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಸರಿದಿರುತ್ತಾನೆ, ನಡುಹಗಲಿನ ನೆರಳು ನಿಮ್ಮ ಕಡೆ ಬೀಳುವುದೇ ಇಲ್ಲ. ಅಂದರೆ ದಕ್ಷಿಣದ ಪಕ್ಕದವರು ಎತ್ತರಿಸಿದರೆ, ಬಿಸಿನೀರು ಬೇಕಾದ ಚಳಿಗಾಲದಲ್ಲಿ ಸೋಲಾರ್ ತಣ್ಣಗೆ, ಬೇಡದಾಗ ಕುದಿಕುದಿ. ಉತ್ತರದವರು ಎತ್ತರಿಸಿದರೆ ಚಿಂತೆಯಿಲ್ಲ. ಚೆಕ್ಕುಬಂದಿಯಲ್ಲಿ ನೀವು ಯಾವ ದಿಕ್ಕಿಗೆ ಇದ್ದೀರಿ ಎಂಬುದು ವಾಸ್ತುವಿಗಿಂತ ಇಲ್ಲಿ ಮುಖ್ಯ.

ಇನ್ನು ಮಾಲೀಕರು ವಾಪಸು ಬರುವ ಸಂಭ್ರಮ. 2,400 ಚದರಡಿ ಸೈಟಿಗೆ ಎಫ್‌ಎಆರ್ (ಸೈಟಿನ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕ) 1.75 ಸಿಕ್ಕರೆ ಕಟ್ಟಬಹುದಾದದ್ದು 4,200 ಚದರಡಿ, ನಾಲ್ಕು ಫ್ಲಾಟಾದರೆ ತಲಾ 1,050. ಒಳಗೆ ಟೇಪು ಹಿಡಿದರೆ ಅದಕ್ಕಿಂತ ಕಡಿಮೆ, ಮೆಟ್ಟಿಲು, ಲಿಫ್ಟಿನ ಪಾಲನ್ನೂ ಸೇರಿಸುವ ಬ್ರೋಷರಿನ ಸೂಪರ್ ಬಿಲ್ಟಪ್ಪಿನಲ್ಲಿ ಅದಕ್ಕಿಂತ ಜಾಸ್ತಿ. ಅರ್ಧರ್ಧ ಎಂದರೆ ಮಾಲೀಕರಿಗೆ ಎರಡು. ಮಕ್ಕಳು ಮೂವರು. ಈ ಭಾಗಾಕಾರದ ಶೇಷವೇ ಕೆಲವು ಕಟ್ಟಡಗಳ ನೆತ್ತಿಯಲ್ಲಿ ಪ್ಲಾನಿನಲ್ಲಿಲ್ಲದ ಪೆಂಟ್‌ಹೌಸಾಗಿ ಕಾಣುವುದು. ಹೆಸರು ಬೇರೆ ಬದಲಾಗಿರುತ್ತದೆ: ನಿಲಯ ಇದ್ದದ್ದು ಎನ್‌ಕ್ಲೇವ್. ಗೇಟಿನ ಮುಂದೆ ರಂಗೋಲಿ ಯಾವ ಫ್ಲಾಟಿನವರು ಹಾಕಬೇಕು ಎಂಬುದು ತಿಂಗಳುಗಟ್ಟಲೆ ಇತ್ಯರ್ಥವಾಗದೆ ವಾಚ್‌ಮನ್ ಹೆಂಡತಿಯ ಪಾಲಿಗೆ ಬರುತ್ತದೆ. ಬೆಳಿಗ್ಗೆ ಕೊಕ್ಕೆಕೋಲು ಹಿಡಿದು ಕಾಂಪೌಂಡಿನಾಚೆಯ ಪಾರಿಜಾತಕ್ಕೆ ಬರುತ್ತಿದ್ದ ಭಕ್ತಾದಿಗಳು ನಿಮ್ಮ ದಾಸವಾಳದ ಕಡೆ ತಿರುಗುತ್ತಾರೆ.

ಇದೆಲ್ಲ ಮುಗಿದು ಬಣ್ಣದ ವಾಸನೆ ಆರುವುದರೊಳಗೆ ಬ್ರೋಕರು ನಿಮ್ಮ ಗೇಟಿನಲ್ಲಿ ನಿಲ್ಲುತ್ತಾನೆ. "ಸಾರ್, ಆ ಕಡೆ ಪಕ್ಕದ ಮನೆಯವರು ಒಪ್ಪಿದ್ದಾರೆ, ನಿಮ್ಮದೂ ಸೇರಿಸಿ ಮಾಡಿಬಿಡೋಣ." ಎರಡು ಸೈಟು ಸೇರಿದರೆ ನಡುವೆ ಖಾಲಿ ಬಿಡಬೇಕಾದ ಎರಡು ಸೆಟ್‌ಬ್ಯಾಕ್ ಉಳಿಯುತ್ತದೆ, ಕಾರು ನಿಲ್ಲಿಸಲು ಜಾಗ ಸಲೀಸಾಗುತ್ತದೆ, ಆದ್ದರಿಂದ ಅವನ ಉತ್ಸಾಹ. ಮಾತಾಡುವುದಾದರೆ ಒಪ್ಪಂದವನ್ನು ನೋಂದಣಿ ಮಾಡಿಸುತ್ತಾರಾ, ಬಿಲ್ಡರಿಗೆ ಬರೆದುಕೊಡುವ ಜಿಪಿಎ (ಅಧಿಕಾರಪತ್ರ) ಎಲ್ಲಿಯವರೆಗೆ, ಬಾಡಿಗೆ ಕೀಲಿ ಕೈಗೆ ಬರುವ ತನಕವೋ ಬರೆದ ತಿಂಗಳ ತನಕವೋ, ಓಸಿ (ವಾಸಕ್ಕೆ ಯೋಗ್ಯ ಎಂಬ ಸರ್ಟಿಫಿಕೇಟು) ತಂದುಕೊಡುವ ಹೊಣೆ ಯಾರದು, ಇಷ್ಟನ್ನು ಮೊದಲ ದಿನವೇ ಕೇಳಿ. ಫ್ಲಾಟು ಕೊಳ್ಳುವವರ ರಕ್ಷಣೆಗೆ ರೇರಾ ಕಾಯ್ದೆ ಇದೆಯಲ್ಲ ಎಂದು ಧೈರ್ಯವಾಗಿರಬೇಡಿ. ಜಾಗ 500 ಚದರ ಮೀಟರ್ ಮೀರದಿದ್ದರೆ ರೇರಾ ನೋಂದಣಿ ಕಡ್ಡಾಯವಲ್ಲ. ನಿಮ್ಮ ಸೈಟು, ಪಕ್ಕದವರ ಸೈಟು, ಎರಡೂ 40–60. ಒಟ್ಟು 4,800 ಚದರಡಿ, ಅಂದರೆ 446 ಚದರ ಮೀಟರ್. ಬ್ರೋಕರು ಈ ಲೆಕ್ಕ ಹಾಕಿಕೊಂಡೇ ಗೇಟು ತಟ್ಟಿರುತ್ತಾನೆ.